ಅಕ್ಷರಾಭ್ಯಾಸಕ್ಕೆ ಮುನ್ನ ಹಾಡು, ಚಿತ್ರ, ಕತೆ

ಎರಡು ವರ್ಷದ ಮಗುವಿಗೆ ಅ ಆ ಇ ಈ ತಿದ್ದಿಸಬಹುದೇ ಎಂದು ಕೇಳುವ ಅಪ್ಪ ಅಮ್ಮಂದಿರು ಈಗ ಹೆಚ್ಚು. ದಯವಿಟ್ಟು ಬೇಡ. ಬಳಪ ಹಿಡಿದು ತಿದ್ದುವಷ್ಟು ಹಿಡಿತ ಆ ಬೆರಳುಗಳಿಗೆ ಇನ್ನೂ ಬಂದಿರುವುದಿಲ್ಲ. 49 ಅಕ್ಷರಗಳನ್ನೂ ಬಾಯಿಪಾಠ ಒಪ್ಪಿಸಿದರೂ ಅದನ್ನು ಓದು ಎನ್ನಲಾಗದು. ಮಾತಿನೊಳಗಿನ ಸದ್ದುಗಳನ್ನು ಬಿಡಿಸಿ ಕೇಳುವ ಕಿವಿ, ಪುಸ್ತಕ ಕಂಡರೆ ಓಡಿ ಬರುವ ಆಸೆ, ಮೂರು ವರ್ಷದೊಳಗೆ ಇವೆರಡು ಬಂದರೆ ಸಾಕು. ಎರಡಕ್ಕೂ ದುಡ್ಡು ಸುರಿಯಬೇಕಿಲ್ಲ.

ಶುರು ಹಾಡಿನಿಂದ

ಮಗು ಹುಟ್ಟಿದ ದಿನದಿಂದಲೇ ಹಾಡಬಹುದು. ಮಾತಾಡುವಾಗ ಪದಗಳು ಒಂದಕ್ಕೊಂದು ಅಂಟಿಕೊಂಡು ಓಡುತ್ತವೆ. ಹಾಡುವಾಗ ಅವು ನಿಧಾನವಾಗಿ, ಬಿಡಿಬಿಡಿಯಾಗಿ ಕೇಳುತ್ತವೆ. ಎಣ್ಣೆ ಹಚ್ಚುವಾಗ ಒಂದು ಹಾಡು, ಊಟಕ್ಕೊಂದು, ತೊಟ್ಟಿಲಿಗೊಂದು ಎಂದು ಗೊತ್ತುಮಾಡಿಕೊಳ್ಳಿ. ದಿನವೂ ಅದೇ ಹೊತ್ತಿಗೆ ಅದೇ ಹಾಡು ಬಂದರೆ ಮಗು ಮುಂದಿನ ಸಾಲನ್ನು ಕಾಯತೊಡಗುತ್ತದೆ. ನನಗೆ ಕಂಠವಿಲ್ಲ ಎಂದು ಹಿಂಜರಿಯಬೇಡಿ. ಮಗುವಿಗೆ ನಿಮ್ಮ ದನಿಗಿಂತ ಇಷ್ಟವಾದ ದನಿ ಇನ್ನೊಂದಿಲ್ಲ.

ಫೋನಿನಲ್ಲಿ ಶಿಶುಗೀತೆ ಹಾಕಿ ಕೂರಿಸಿದರೆ ಸಾಲದೇ? ಸಾಲದು. 2003ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಎದುರು ಕೂತು ಚೀನಿ ಭಾಷೆಯಲ್ಲಿ ಆಡಿಸಿ ಓದಿದಾಗ ಅವು ಆ ಭಾಷೆಯ ಸದ್ದುಗಳನ್ನು ಗುರುತಿಸಲು ಕಲಿತವು. ಅದನ್ನೇ ವಿಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ. ಒಂದು ವರ್ಷದ ಮಕ್ಕಳಿಗೆ ಪರದೆಯೇ ಬೇಡ, ಎರಡು ದಾಟಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಡುವೆ ಮುಖ ನೋಡುವ, ನಕ್ಕರೆ ನಗುವ ಮನುಷ್ಯರಿರಬೇಕು.

ಚಪ್ಪಾಳೆಗೊಂದು ಅಕ್ಷರ

ಇಲ್ಲಿ ಕನ್ನಡದವರಿಗೆ ದೊಡ್ಡ ಅನುಕೂಲವಿದೆ. ಸ್ವರದಿಂದ ಕೊನೆಯಾಗುವ ನಮ್ಮ ಪದಗಳಲ್ಲಿ ಒಂದು ಚಪ್ಪಾಳೆಗೆ ಒಂದು ಅಕ್ಷರ ಬೀಳುತ್ತದೆ. ಕ-ಮ-ಲ ಎಂದರೆ ಮೂರು ಚಪ್ಪಾಳೆ, ಬರೆದರೆ ಮೂರಕ್ಷರ. ಅ-ಕ್ಕ ಎರಡು, ದೋ-ಸೆ ಎರಡು, ಚ-ಕ್ಕು-ಲಿ ಮೂರು. ಮಗು ಇವತ್ತು ಕೈಯಲ್ಲಿ ತಟ್ಟುವುದನ್ನೇ ನಾಲ್ಕೈದು ವರ್ಷದ ಮೇಲೆ ಕಣ್ಣಲ್ಲಿ ನೋಡುತ್ತದೆ. ಹಾಗಾಗಿ ಒಂದೂವರೆ ವರ್ಷದ ಸುಮಾರಿಗೆ ಮನೆಯವರ ಹೆಸರು, ತಿಂಡಿಯ ಹೆಸರು ಹೇಳುತ್ತ ತಟ್ಟಲು ಶುರುಮಾಡಿ. ಮೊದಮೊದಲು ಮಗುವಿನ ಕೈ ತಾಳಕ್ಕೆ ಕೂರುವುದಿಲ್ಲ, ಕೂರಲೇಬೇಕೆಂದೂ ಇಲ್ಲ. ಸ್ಟೀಲ್ ಲೋಟ, ಮರದ ಸೌಟು ಕೊಡಿ. ಬಾಟಲಿಗೆ ಹೆಸರುಕಾಳು ಹಾಕಿ ಗಿಲಕಿ ಮಾಡುವುದಾದರೆ ಮುಚ್ಚಳವನ್ನು ಅಂಟು ಹಾಕಿ ಭದ್ರಪಡಿಸಿ. ಕಾಳು ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

ಮುಂದಿನ ಹೆಜ್ಜೆ ಪ್ರಾಸ. ನಾಲ್ಕೈದು ವರ್ಷದಲ್ಲಿ ಪ್ರಾಸ ಗುರುತಿಸಬಲ್ಲ ಮಕ್ಕಳು ಮುಂದೆ ಓದನ್ನು ಸಲೀಸಾಗಿ ಕಲಿಯುವುದನ್ನು ಬ್ರಿಟನ್ನಿನ ಬ್ರಾಡ್ಲಿ ಮತ್ತು ಬ್ರಯಂಟ್ 1983ರಲ್ಲೇ ತೋರಿಸಿದ್ದರು. ಸಾಲಿನ ಎರಡನೆಯ ಅಕ್ಷರ ಒಂದೇ ಬರುವ ಆದಿಪ್ರಾಸವಂತೂ ನಮ್ಮ ಕಾವ್ಯದ ಹಳೆಯ ಆಸ್ತಿ. ಹಾಡು ಗೊತ್ತಿಲ್ಲದಿದ್ದರೆ ಕಟ್ಟಿಕೊಳ್ಳಿ:

ಪುಟ್ಟಗೆ ಒಂದು ರೊಟ್ಟಿ
ತಟ್ಟಿದಳಜ್ಜಿ ರೊಟ್ಟಿ
ಬಿಟ್ಟನೆ ಪುಟ್ಟ ರೊಟ್ಟಿ?

ಒಂದು ವಾರ ಪೂರ್ತಿ ಹಾಡಿ. ಆಮೇಲೆ "ತಟ್ಟಿದಳಜ್ಜಿ..." ಎಂದು ನಿಲ್ಲಿಸಿ ಮಗುವಿನ ಮುಖ ನೋಡಿ. "ಒಟ್ಟಿ" ಎಂದರೂ ಅದು ಸರಿಯಾದ ಉತ್ತರವೇ. ತಿದ್ದಲು ಹೋಗದೆ "ಹೂಂ, ರೊಟ್ಟಿ!" ಎಂದು ಮುಂದುವರಿಸಿ.

ಪುಸ್ತಕ ಕೈಗೆ ಬಂದಾಗ

ಆರು ತಿಂಗಳ ಕೂಸು ಪುಸ್ತಕವನ್ನು ಮೊದಲು ಕಚ್ಚುತ್ತದೆ. ಅದು ಪುಸ್ತಕವನ್ನು ಅರಿಯುವ ರೀತಿಯೇ ಹಾಗೆ, ಬೈಯಬೇಡಿ. ರಟ್ಟಿನ ಹಾಳೆಯ ಪುಸ್ತಕ ದುಬಾರಿ ಅನಿಸಿದರೆ ಮನೆಯಲ್ಲೇ ಮಾಡಬಹುದು. ಕಪಾಟಿನಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ಕಾಗದ ದಪ್ಪವಾಗಿರುತ್ತದೆ. ಜರಿ, ಮಿನುಗುಪುಡಿ ಇಲ್ಲದವನ್ನು ಆರಿಸಿ, ಅಂಗೈ ಅಗಲಕ್ಕೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಪುಟಕ್ಕೊಂದೇ ಚಿತ್ರ: ಅಜ್ಜನ ಫೋಟೊ, ಮನೆಯ ಬೆಕ್ಕು, ಬಸ್ಸು, ಬಾಳೆಹಣ್ಣು. ಕೆಳಗೆ ದೊಡ್ಡಕ್ಷರದಲ್ಲಿ ಹೆಸರು ಬರೆಯಿರಿ. ಪಿನ್ ಹೊಡೆಯದೆ ದಪ್ಪ ದಾರದಲ್ಲಿ ಹೊಲಿಯಿರಿ, ಹೇಗೂ ಅದು ಬಾಯಿಗೆ ಹೋಗುತ್ತದೆ. ತನ್ನ ಮನೆಯವರೇ ಇರುವ ಪುಸ್ತಕವನ್ನು ಮಗು ಅಂಗಡಿಯ ಪುಸ್ತಕಕ್ಕಿಂತ ಹೆಚ್ಚು ಹಚ್ಚಿಕೊಳ್ಳುತ್ತದೆ.

ಓದುವಾಗ ಮಗು ಮಡಿಲಲ್ಲಿರಲಿ, ಪುಸ್ತಕ ಇಬ್ಬರಿಗೂ ಕಾಣಲಿ. ಪಠ್ಯವನ್ನು ಮೊದಲಿಂದ ಕೊನೆವರೆಗೆ ಓದಿ ಮುಗಿಸುವ ಹಟ ಬೇಡ. ಮಗು ಬೆರಳಿಟ್ಟ ಕಡೆ ನಿಲ್ಲಿ. ಒಬ್ಬ ಅಜ್ಜಿ ಮೊಮ್ಮಗುವಿನ ಜೊತೆ ಓದಿದ್ದು ಹೀಗೆ:

"ಬೌ ಬೌ!"

"ಹೌದು ಕಂದಾ, ನಾಯಿ. ಕರೀ ನಾಯಿ. ಏನ್ ಮಾಡ್ತಿದೆ ನೋಡು?"

"ತಾಚಿ."

"ಹೂಂ, ಮಂಚದ ಕೆಳಗೆ ತಾಚಿ ಮಾಡ್ತಿದೆ."

ಮಗು ಕೊಟ್ಟ ಒಂದು ಪದಕ್ಕೆ ಅಜ್ಜಿ ಎರಡು ಮೂರು ಪದ ಸೇರಿಸಿ ವಾಪಸು ಕೊಟ್ಟಳು, ಅಷ್ಟೆ. ಪ್ರಶ್ನೆ ಕೇಳಿ, ಮನಸ್ಸಿನಲ್ಲಿ ಐದು ಎಣಿಸುವಷ್ಟು ಕಾಯುವುದನ್ನು ರೂಢಿಸಿಕೊಳ್ಳಿ. ನಾವು ದೊಡ್ಡವರು ಆತುರಪಟ್ಟು ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. "ಇದೇನು? ಇದ್ಯಾವ ಬಣ್ಣ?" ಎಂದು ಪರೀಕ್ಷೆಗಿಳಿದರೆ ಮಗು ಪುಸ್ತಕ ಬಿಟ್ಟು ಎದ್ದು ಹೋಗುತ್ತದೆ. ಹೋಗಲಿ, ಎಳೆದು ಕೂರಿಸಬೇಡಿ. ಒಂದು ವರ್ಷದ ಮಗು ಎರಡು ನಿಮಿಷ ಕೂತರೂ ಒಳ್ಳೆಯದೇ.

ಅದೇ ಪುಸ್ತಕ ತಂದು "ಮತ್ತೆ" ಎಂದರೆ ಮತ್ತೆ ಓದಿ. ನಿಮಗೆ ಬೇಸರ ಬಂದಿರಬಹುದು. ಮಗುವಿಗೆ ಪ್ರತಿ ಸಲವೂ ಒಂದೆರಡು ಹೊಸ ಪದ ಗಟ್ಟಿಯಾಗುತ್ತಿರುತ್ತದೆ.

ಪುಸ್ತಕ ಎಲ್ಲಿಂದ, ಯಾವ ಭಾಷೆಯಲ್ಲಿ

2004ರಲ್ಲಿ ಶುರುವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ತರುತ್ತಿದೆ. ಅದರ ಸ್ಟೋರಿವೀವರ್ ಜಾಲತಾಣದಲ್ಲಿ 2015ರಿಂದ ಕತೆಗಳು ಉಚಿತವಾಗಿ ಸಿಗುತ್ತಿವೆ. ಬೇಕಾದ್ದನ್ನು ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಇವೆ.

ಮನೆಮಾತು ತುಳು, ಕೊಂಕಣಿ, ಉರ್ದು, ತೆಲುಗು ಯಾವುದೇ ಇರಲಿ, ಆ ಮಾತಿನಲ್ಲೇ ಹಾಡಿ, ಚಿತ್ರ ತೋರಿಸಿ ಆ ಮಾತಿನಲ್ಲೇ ಕತೆ ಹೇಳಿ. ಓದು ಬಾರದ ಅಜ್ಜ ಅಜ್ಜಿಯರೂ ಧಾರಾಳವಾಗಿ ಮಾಡಬಹುದಾದ ಕೆಲಸವಿದು. ಮಗು ಶಾಲೆಗೆ ಹೋಗಿ ಕನ್ನಡ ಕಲಿಯುವಾಗ ಈ ಬಂಡವಾಳ ಜೊತೆಗೇ ಬರುತ್ತದೆ. ಮೊಮ್ಮಗು ವಿದೇಶದಲ್ಲಿದ್ದರೆ ಒಂದೇ ಪುಸ್ತಕದ ಎರಡು ಪ್ರತಿ ಕೊಂಡು, ಒಂದು ಅಲ್ಲಿಗೆ ಕಳಿಸಿ, ವಿಡಿಯೊ ಕರೆಯಲ್ಲಿ ಒಟ್ಟಿಗೆ ಪುಟ ತಿರುಗಿಸಿ. ಮಗುವಿನ ಪಕ್ಕ ಅಪ್ಪನೋ ಅಮ್ಮನೋ ಕೂತಿರಲಿ.

ಇಷ್ಟೆಲ್ಲ ಮಾಡುವಾಗ ಒಂದು ಕಡೆ ಗಮನವಿರಲಿ. ಹಾಡಿಗೆ, ಹೆಸರು ಹಿಡಿದು ಕರೆದಾಗ ಮಗು ತಿರುಗಿ ನೋಡದಿದ್ದರೆ, ಒಂದೂವರೆ ವರ್ಷವಾದರೂ ಒಂದು ಪದವೂ ಬರದಿದ್ದರೆ, ಎರಡು ತುಂಬಿದರೂ ಎರಡು ಪದ ಜೋಡಿಸದಿದ್ದರೆ "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎಂದು ಸುಮ್ಮನೆ ಕೂರಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಎಳೆಗೂಸುಗಳ ಶ್ರವಣವನ್ನೂ ಪರೀಕ್ಷಿಸುತ್ತಾರೆ.