ರೇಸಿಗೆ ಯಾವ ಕಾರು ತಗೊಳ್ಳಬೇಕು? ಪವರ್ ಕೊನೆಗೆ ನೋಡಿ

ರೇಸ್ ಆಸೆ ಹೊತ್ತು ನಮ್ಮ ಗ್ಯಾರೇಜಿಗೆ ಬರುವ ಹುಡುಗರು, ಈಚೆಗೆ ಹುಡುಗಿಯರೂ, ಮೊದಲು ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಯಾವ ಕಾರಲ್ಲಿ ಪವರ್ ಜಾಸ್ತಿ?" ನನ್ನ ಉತ್ತರವೂ ಒಂದೇ. ಪವರ್ ಕೊನೆಗೆ ನೋಡೋಣ, ಯಾವ ಕ್ಲಾಸಿನಲ್ಲಿ, ಅಂದರೆ ರೇಸಿನ ಯಾವ ವಿಭಾಗದಲ್ಲಿ, ಓಡಿಸಬೇಕು ಅಂತಿದ್ದೀರಿ, ಅದನ್ನು ಮೊದಲು ಹೇಳಿ.

ನಾನು ಹೇಳುತ್ತಿರುವುದು ಟ್ರ್ಯಾಕ್ ರೇಸಿನ ವಿಷಯ. ರಾತ್ರಿ ಹೊತ್ತು ನೈಸ್ ರೋಡಿನಲ್ಲೋ ಏರ್‌ಪೋರ್ಟ್ ರೋಡಿನಲ್ಲೋ ಪೈಪೋಟಿಗೆ ಬಿದ್ದು ಓಡಿಸುವವರಿಗೆ ನಾನು ಒಂದು ನಟ್ಟನ್ನೂ ತಿರುಗಿಸಿ ಕೊಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಸ್ಕೂಟರಿನಲ್ಲಿ ಮನೆಗೆ ಹೋಗುತ್ತಿರುವವರಿಗೆ ನಿಮ್ಮ ರೇಸ್ ಗೊತ್ತಿರುವುದಿಲ್ಲ. ಬೆಂಗಳೂರಿನವರಿಗೆ ಕೈಗೆಟಕುವ ಹಳೆಯ ಟ್ರ್ಯಾಕ್ ಎರಡಿವೆ. ಶ್ರೀಪೆರಂಬದೂರಿನ ಪಕ್ಕದ ಇರುಂಗಾಟ್ಟುಕೋಟ್ಟೈನಲ್ಲಿರುವ ಮದ್ರಾಸ್ ಟ್ರ್ಯಾಕ್ 3.7 ಕಿಮೀ ಉದ್ದ, 12 ತಿರುವು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿಮೀ, ಇಕ್ಕಟ್ಟು. ಮೊದಲನೆಯದರಲ್ಲಿ ಎಂಜಿನ್ ಉಸಿರು ಬೇಕು. ಎರಡನೆಯದರಲ್ಲಿ ಹಗುರವಾದ, ಚುರುಕಾಗಿ ತಿರುಗುವ ಕಾರು ಬೇಕು.

ಕಾರು ಹುಡುಕುವ ಮೊದಲು ನಮ್ಮ ದೇಶದ ಮೋಟಾರ್ ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐನ ಈ ವರ್ಷದ ತಾಂತ್ರಿಕ ನಿಯಮಗಳನ್ನು ಕೂತು ಓದಿ. ಹೋದ ವರ್ಷದ್ದಲ್ಲ, ಈ ವರ್ಷದ್ದೇ. ಇಂಡಿಯನ್ ಟೂರಿಂಗ್ ಕಾರ್ಸ್, ಜೂನಿಯರ್ ಟೂರಿಂಗ್, ಸೂಪರ್ ಸ್ಟಾಕ್ ಅಂತೆಲ್ಲ ಕ್ಲಾಸುಗಳನ್ನು ಕೇಳಿರುತ್ತೀರಿ. ಯಾವ ಮಾಡೆಲ್ ಬಿಡುತ್ತಾರೆ, ಎಷ್ಟು ಸಿಸಿ, ಕನಿಷ್ಠ ತೂಕ ಎಷ್ಟು, ಯಾವ ಟೈರು, ಎಂಜಿನ್ನಿನಲ್ಲಿ ಏನೇನು ಮುಟ್ಟಬಹುದು, ಎಲ್ಲ ಅಲ್ಲೇ ಇರುತ್ತದೆ. ಸಿಸಿ ಮಿತಿಯ ಅಂಚಿನಲ್ಲಿ ಕೂರುವ ಕಾರನ್ನೇ ನೋಡಿ. 1,600 ಸಿಸಿ ಕ್ಲಾಸಿಗೆ 1,300ರ ಕಾರು ತಂದರೆ ಮೊದಲ ದಿನವೇ ಹಿಂದೆ ಬಿದ್ದಹಾಗೆ.

ಟರ್ಬೊ ಕಾರಿನವರು ಇನ್ನೊಂದು ಲೆಕ್ಕ ಹಾಕಬೇಕು. ಅಂತರರಾಷ್ಟ್ರೀಯ ನಿಯಮಗಳಲ್ಲಿ ಪೆಟ್ರೋಲ್ ಟರ್ಬೊ ಎಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ. ಪೋಲೊದ 999 ಸಿಸಿ ಟಿಎಸ್‌ಐ ಟರ್ಬೊ ಎಂಜಿನ್ ಆ ಲೆಕ್ಕದಲ್ಲಿ 1,698 ಆಯಿತು. ಸಣ್ಣ ಎಂಜಿನ್ ಅಂದುಕೊಂಡು ಕೊಂಡವರು ದೊಡ್ಡವರ ಗುಂಪಿನಲ್ಲಿ ನಿಲ್ಲಬೇಕಾದೀತು. ನೀವು ಸೇರುವ ಕ್ಲಾಸಿನಲ್ಲಿ ಈ ಲೆಕ್ಕ ಹೇಗಿದೆ ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ತೂಕ. ಎಂಜಿನ್ ಕೆಲಸದಲ್ಲಿ ಹತ್ತು ಕುದುರೆ (ಹಾರ್ಸ್ ಪವರ್) ಹೆಚ್ಚಿಸಲು ಎಷ್ಟು ದುಡ್ಡು ಸುರಿಯಬೇಕು ಅನ್ನುವುದು ಆ ಕೆಲಸ ಮಾಡುವ ನಮಗೆ ಗೊತ್ತು. ಕಾರೇ ನೂರು ಕೆಜಿ ಹಗುರವಿದ್ದರೆ ಆ ಲಾಭ ಬಿಟ್ಟಿ ಬರುತ್ತದೆ, ಅದೂ ಪ್ರತಿ ತಿರುವಿನಲ್ಲಿ, ಪ್ರತಿ ಬ್ರೇಕಿನಲ್ಲಿ. ಬ್ರೇಕ್ ಬಗ್ಗೆ ಯಾರೂ ಕೇಳುವುದೇ ಇಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಸಾಮಾನ್ಯ ಪ್ಯಾಡು ಹಾಕಿದ ಭಾರದ ಕಾರು ಕೆಲವೇ ಲ್ಯಾಪಿನಲ್ಲಿ ಸುಟ್ಟ ವಾಸನೆ ಬಿಡುತ್ತದೆ, ಆಮೇಲೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಒಳಗೆ ಬ್ರೇಕ್ ಆಯಿಲ್ ಕುದಿದಿರುತ್ತದೆ, ಅಷ್ಟೇ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ತಡೆಯಬೇಕು. ತೇವ ಹೀರಿದ ಹಳೆಯ ಆಯಿಲ್ ಅದಕ್ಕಿಂತ ಎಷ್ಟೋ ಮೊದಲೇ ಕೈ ಕೊಡುತ್ತದೆ. ಆದ್ದರಿಂದ ಒಂದೇ ಕಾರಿನ ಎರಡು ವೇರಿಯಂಟ್ ಇದ್ದರೆ ದೊಡ್ಡ ಡಿಸ್ಕ್ ಇರುವುದನ್ನು ಹಿಡಿಯಿರಿ. ಡೀಸೆಲ್ ಕಾರಿನ ಟಾರ್ಕಿಗೆ, ಅಂದರೆ ಎಳೆಯುವ ಬಲಕ್ಕೆ, ಮರುಳಾಗಬೇಡಿ. ಭಾರವೆಲ್ಲ ಮೂತಿಯಲ್ಲಿರುತ್ತದೆ. ಮುಂದಿನ ಟೈರೇ ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಭಾರವನ್ನೂ ಹೊರಬೇಕು. ನಾಲ್ಕು ಲ್ಯಾಪ್ ಕಳೆಯುವಷ್ಟರಲ್ಲಿ ಕಾರು ತಿರುಗುವುದನ್ನೇ ಬಿಟ್ಟು ನೇರ ಹೊರಡುತ್ತದೆ.

ಹಾಗಾದರೆ ಯಾವ ಕಾರು? ನಿಮ್ಮ ಕ್ಲಾಸು ಅದರ ಸಿಸಿಗೆ ಹೊಂದುವುದಾದರೆ, ನನ್ನ ಮನಸ್ಸು ಇವತ್ತಿಗೂ ಮಾರುತಿ ಎಸ್ಟೀಮ್ ಕಡೆಗೇ. 1.3 ಲೀಟರ್, ಹದಿನಾರು ವಾಲ್ವಿನ ಮಾಡೆಲ್ ಆದರೆ 85 ಕುದುರೆ, ತೂಕ ಒಂಬೈನೂರು ಕೆಜಿಯ ಒಳಗೆ. 2007ರಲ್ಲೇ ತಯಾರಿಕೆ ನಿಂತರೂ ಜೆಸಿ ರೋಡಿನಲ್ಲಿ ಹೆಸರು ಹೇಳಿದರೆ ಸಾಕು, ಸಾಮಾನು ಕೌಂಟರಿಗೆ ಬರುತ್ತದೆ. ಅಲ್ಲಿಲ್ಲದಿದ್ದರೆ ಶಿವಾಜಿನಗರದ ಗುಜರಿ ಇದೆ. ಈ ಎಂಜಿನ್ನಿನ ಗುಟ್ಟು ಬಲ್ಲ ಮೆಕ್ಯಾನಿಕ್ಕುಗಳು ದಕ್ಷಿಣ ಭಾರತದ ತುಂಬ ಇದ್ದಾರೆ. ಭಾನುವಾರ ಬೆಳಿಗ್ಗೆ ಟ್ರ್ಯಾಕಿನಲ್ಲಿ ಕ್ಲಚ್ ಕೇಬಲ್ ಕಿತ್ತುಹೋದರೆ ಪಕ್ಕದ ತಂಡದವರ ಹತ್ತಿರ ಒಂದು ಇದ್ದೇ ಇರುತ್ತದೆ. ಇದಕ್ಕೆ ಬೆಲೆ ಕಟ್ಟಲು ಆಗುವುದಿಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ನಮ್ಮ ದೇಶದ ಹುಡುಗರಿಗಾಗಿ ಫಾರ್ಮುಲಾ ಮಾರುತಿ ಅನ್ನುವ ರೇಸ್ ಕಾರು ಕಟ್ಟಿದಾಗ ಬಳಸಿದ್ದು ಬೀದಿಬೀದಿಯಲ್ಲಿ ಓಡುತ್ತಿದ್ದ ಮಾರುತಿ 800ರ ಎಂಜಿನ್. ಮುಂದೆ ಫಾರ್ಮುಲಾ ಒನ್‌ಗೆ ಹೋದ ನರೇನ್ ಕಾರ್ತಿಕೇಯನ್ ಆರಂಭದಲ್ಲಿ ಓಡಿಸಿದ್ದೂ ಅದನ್ನೇ.

ಎಸ್ಟೀಮ್ ಒಳ್ಳೆಯದು ಸಿಗದಿದ್ದರೆ ಹಳೆಯ ಸ್ವಿಫ್ಟ್ 1.3 ಪೆಟ್ರೋಲ್ ನೋಡಿ. ಅದೇ ಮನೆತನದ ಎಂಜಿನ್, ಅದಕ್ಕಿಂತ ಗಟ್ಟಿಯಾದ ಬಾಡಿ. 2010ರಲ್ಲಿ ಅದರ ಜಾಗಕ್ಕೆ 1.2 ಬಂತು, ಬಾನೆಟ್ ಎತ್ತಿ ಖಚಿತ ಮಾಡಿಕೊಳ್ಳಿ. ಹಳೆಯ ಹೋಂಡಾ ಸಿಟಿ ವಿಟೆಕ್ ಅದ್ಭುತ ಕಾರು, 106 ಕುದುರೆ. ಆದರೆ ಅಭಿಮಾನಿಗಳು ಬೆಲೆ ಏರಿಸಿಬಿಟ್ಟಿದ್ದಾರೆ, ಚೆನ್ನಾಗಿರುವ ಕಾರನ್ನು ರೇಸಿಗೆ ಬಿಚ್ಚಲು ನನಗೇ ಮನಸ್ಸು ಬರುವುದಿಲ್ಲ. ಫಿಯಟ್ ಪಾಲಿಯೊ 1.6 ಬೇಡ. ಅದರ ಎಂಜಿನ್ನಿಗೆ ಈಗಲೂ ಕೈ ಮುಗಿಯುತ್ತೇನೆ, ಆದರೆ ಸಾಮಾನು ಹುಡುಕುವುದರಲ್ಲೇ ನಿಮ್ಮ ಸೀಸನ್ ಮುಗಿದುಹೋಗುತ್ತದೆ. ಕೈಯಲ್ಲಿ ದುಡ್ಡಿದ್ದು ಪೋಲೊ ಬೇಕೇ ಬೇಕು ಅನ್ನುವವರು ಮ್ಯಾನುಯಲ್ ಗೇರಿನದನ್ನೇ ತೆಗೆದುಕೊಳ್ಳಿ. ಹಳೆಯ ಜಿಟಿಯ ಡಿಎಸ್‌ಜಿ ಆಟೊಮ್ಯಾಟಿಕ್ ಗೇರಿನಲ್ಲಿರುವುದು ಎಣ್ಣೆಯಲ್ಲಿ ಮುಳುಗಿರದ ಡ್ರೈ ಕ್ಲಚ್, ಟ್ರ್ಯಾಕಿನ ಬಿಸಿ ಅದಕ್ಕೆ ಆಗಿಬರುವುದಿಲ್ಲ.

ಕಾರು ನೋಡಲು ಹೋದಾಗ ಅದರ ಬಾಡಿ ಪರೀಕ್ಷಿಸಲು ಜಾಸ್ತಿ ಸಮಯ ಕೊಡಿ. ಎಂಜಿನ್ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಬೇರೆ ತರಬಹುದು. ಸೊಟ್ಟಗಾದ ಬಾಡಿ ಮತ್ತೆ ಪೂರ್ತಿ ನೆಟ್ಟಗಾಗುವುದು ಕಷ್ಟ. ಬಾನೆಟ್ ಎತ್ತಿ, ಎರಡೂ ಬದಿಯಲ್ಲಿ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಟವರ್ ಹತ್ತಿರ ಟಾರ್ಚ್ ಹಿಡಿಯಿರಿ. ಕಂಪನಿಯ ಸ್ಪಾಟ್ ವೆಲ್ಡ್ ಒಂದೇ ಅಂತರದಲ್ಲಿ, ಒಂದೇ ಅಳತೆಯ ದುಂಡು ಗುಳಿಗಳಾಗಿ ಕಾಣುತ್ತದೆ. ಟಿಂಕರಿಂಗ್ ಆದ ಕಡೆ ವೆಲ್ಡಿಂಗ್ ಗಂಟುಗಂಟಾಗಿರುತ್ತದೆ, ಅಥವಾ ಗುಳಿಗಳೇ ಇಲ್ಲದೆ ಪುಟ್ಟಿ ಸವರಿ ಬಣ್ಣ ಹೊಡೆದಿರುತ್ತಾರೆ. ಆಮೇಲೆ ಟೇಪ್ ತೆಗೆಯಿರಿ. ಎಡ ಟವರಿನ ಒಂದು ಬೋಲ್ಟಿನಿಂದ ಮುಂದೆ ಬಲಗಡೆ ರೇಡಿಯೇಟರ್ ಕೂರುವ ಜಾಗದ ಬೋಲ್ಟಿಗೆ ಅಳೆಯಿರಿ. ಬಲ ಟವರಿನಿಂದ ಎಡಕ್ಕೂ ಹಾಗೇ. ಒಂದೇ ಜೋಡಿಯ ಬೋಲ್ಟುಗಳಾಗಿರಲಿ. ಎರಡು ಅಳತೆಗೂ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಮುಂಭಾಗ ಪೆಟ್ಟು ತಿಂದಿದೆ ಅಂತಲೇ ನಾನು ತಿಳಿಯುತ್ತೇನೆ. ಸ್ಟೀರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಎರಡೂ ಬದಿ ಅಳೆಯಿರಿ. ಮಾಲೀಕರು ಏನು ಕಥೆ ಹೇಳಿದರೂ ಟೇಪ್ ಸುಳ್ಳು ಹೇಳುವುದಿಲ್ಲ.

ಆರ್‌ಸಿಯಲ್ಲಿ ಕೆಎ 19 ಅಥವಾ ಕೆಎ 20 ಇದ್ದರೆ ಕಾರ್ಪೆಟ್ ಎತ್ತಿಸದೆ ಮಾತು ಮುಗಿಸಬೇಡಿ. ಮಂಗಳೂರು, ಉಡುಪಿಯ ಉಪ್ಪುಗಾಳಿ ಮತ್ತು ಮಳೆ ಸೇರಿ ತಗಡನ್ನು ಒಳಗಿನಿಂದ ತಿನ್ನುತ್ತವೆ. ಸ್ಟೆಪ್ನಿ ಇಡುವ ಗುಂಡಿ, ಜಾಕಿ ಕೊಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಎಲ್ಲ ಕಡೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ಸದ್ದು ಕೇಳಿ. ಕಾರು ಉರುಳಿದರೆ ಒಳಗಿರುವವರನ್ನು ಕಾಯುವ ಪೈಪುಗಳ ಗೂಡಿದೆಯಲ್ಲ, ಆ ರೋಲ್ ಕೇಜಿನ ಕಾಲು ಬರುವುದು ಇದೇ ನೆಲದ ಮೇಲೆ. ಕೋಲಾರ, ಬಳ್ಳಾರಿ ಕಡೆಯ ಒಣ ಹವೆಯ ಕಾರಾದರೆ ಬಣ್ಣ ಮಾಸಿರುತ್ತದೆ, ತಗಡು ಸಾಮಾನ್ಯವಾಗಿ ಗಟ್ಟಿ ಇರುತ್ತದೆ. ರೇಸಿಗೆ ನಮಗೆ ಬೇಕಾದದ್ದೂ ಅದೇ ಅಲ್ವಾ? ಬೆಂಗಳೂರಿನ ಕಾರಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಸೆಪ್ಟೆಂಬರ್ 2022ರ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರೋಡ್ ಕಡೆ ಎಷ್ಟೋ ಕಾರು ಮುಳುಗಿದ್ದವು. ಸೀಟು ತೊಳೆದು ಮಾರುವವರು ಬೆಲ್ಟಿನ ಒಳ ತುದಿಯ ಕೆಸರಿನ ಗೆರೆ ತೊಳೆಯಲು ಮರೆತಿರುತ್ತಾರೆ. ಅಂಥ ಕಾರಿನ ವೈರಿಂಗ್ ನಂಬಬೇಡಿ.

ಹೆಲ್ಮೆಟ್ ಇದ್ದರೆ ಜೊತೆಗೆ ತೆಗೆದುಕೊಂಡು ಹೋಗಿ. ಸುಮ್ನೆ ಅಲ್ಲ, ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತು ನೋಡಿ. ಅಂತರರಾಷ್ಟ್ರೀಯ ಮೋಟಾರ್ ಕ್ರೀಡಾ ಸಂಸ್ಥೆ ಎಫ್‌ಐಎ ಅಳತೆಯಲ್ಲಿ ಕೇಜಿನ ಮುಖ್ಯ ಪೈಪು 45 ಮಿಮೀ ದಪ್ಪ, ಗೋಡೆ 2.5 ಮಿಮೀ, ಅದರ ಮೇಲೆ ಪ್ಯಾಡಿಂಗ್ ಬೇರೆ. ತಲೆಗೂ ಛಾವಣಿಗೂ ನಡುವೆ ಬೆರಳಷ್ಟೇ ಜಾಗವಿದ್ದರೆ ನಿಮ್ಮ ಎತ್ತರಕ್ಕೆ ಆ ಕಾರು ಅಪಾಯ. ಸೀಟು ತಗ್ಗಿಸಿ ಸ್ವಲ್ಪ ಸರಿಮಾಡಬಹುದು, ಆದರೆ ಆಮೇಲೆ ಬಾನೆಟ್ಟಿನಾಚೆ ತಿರುವು ಕಾಣಬೇಕಲ್ಲ. ಸನ್‌ರೂಫ್ ಇರುವ ಕಾರನ್ನು ಬಿಟ್ಟುಬಿಡಿ.

ದುಡ್ಡಿನ ವಿಷಯಕ್ಕೆ ನನ್ನ ಲೆಕ್ಕ ಸರಳ. ಕೈಯಲ್ಲಿರುವುದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಾರಿಗೆ ಹಾಕಬೇಡಿ. ಇನ್ನೊಂದು ಭಾಗ ಕೇಜು, ಸೀಟು, ಬೆಲ್ಟು, ಫೈರ್ ಎಕ್ಸ್‌ಟಿಂಗ್ವಿಷರ್, ಬ್ರೇಕಿಗೆ. ಉಳಿದದ್ದು ಟೈರು, ಎಂಟ್ರಿ ಫೀಸು, ಸಾಗಾಟಕ್ಕೆ. ಯಾರೋ ಮೊದಲೇ ಮಾಡಿಫೈ ಮಾಡಿದ ಕಾರಿಗೆ ಜಾಸ್ತಿ ಕೊಡಬೇಡಿ. ಅವರು ಹಾಕಿದ ದೊಡ್ಡ ಅಲಾಯ್, ಜೋರು ಸೈಲೆನ್ಸರ್, ಕತ್ತರಿಸಿದ ಸ್ಪ್ರಿಂಗ್ ಎಲ್ಲವನ್ನೂ ಕಿತ್ತುಹಾಕುವ ಕೂಲಿ ನಿಮ್ಮ ತಲೆಗೇ ಬರುತ್ತದೆ.

ಇದೇ ಕಾರಿನಲ್ಲಿ ವಾರವೆಲ್ಲ ಆಫೀಸಿಗೂ ಹೋಗುತ್ತೇನೆ ಅನ್ನುವವರಿದ್ದಾರೆ. ಕೇಜು ಹಾಕಿ ಒಳಗೆಲ್ಲ ಬೋಳಿಸಿದ ಮೇಲೆ ಅದು ಆಗದು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ರಸ್ತೆಯ ವಾಹನವನ್ನು ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ರೇಸ್ ಕಾರು ಟ್ರ್ಯಾಕಿಗೆ ಟ್ರೈಲರಿನ ಮೇಲೆ ಹೋಗಬೇಕು. ಆ ಖರ್ಚನ್ನು ಈಗಲೇ ಬರೆದಿಟ್ಟುಕೊಳ್ಳಿ.

ಕಾರು ತಂದ ತಕ್ಷಣ ಸ್ಪಾನರ್ ಎತ್ತಬೇಡಿ. ಎಲ್ಲ ಆಯಿಲ್ ಬದಲಿಸಿ, ಒಳ್ಳೆಯ ಬ್ರೇಕ್ ಪ್ಯಾಡ್ ಹಾಕಿ, ಕೂಲಂಟ್ ಪೈಪು ಹೊಸದು ಮಾಡಿ, ಇದ್ದ ಹಾಗೇ ಒಂದು ಟ್ರ್ಯಾಕ್ ಡೇಗೆ (ಪೈಪೋಟಿಯಿಲ್ಲದೆ ಟ್ರ್ಯಾಕಿನಲ್ಲಿ ಓಡಿಸಿ ನೋಡುವ ದಿನ) ಕರೆದುಕೊಂಡು ಹೋಗಿ. ಟೆಂಪರೇಚರ್ ಮುಳ್ಳು ಎಲ್ಲಿ ನಿಲ್ಲುತ್ತದೆ, ಉದ್ದ ತಿರುವಿನಲ್ಲಿ ಆಯಿಲ್ ಲೈಟ್ ಮಿಣುಕುತ್ತದಾ, ಯಾವ ಟೈರಿನ ಯಾವ ಅಂಚು ಮೊದಲು ಸವೆಯುತ್ತದೆ, ಬರೆದುಕೊಂಡು ಬನ್ನಿ. ಆಯಿಲ್ ಲೈಟ್ ಒಮ್ಮೆ ಮಿಣುಕಿದರೂ ಸಾಕು, ಅಲ್ಲೇ ನಿಲ್ಲಿಸಿ. ಆ ಚೀಟಿ ನೋಡಿಕೊಂಡೇ ಕೆಲಸ ಶುರು ಮಾಡೋಣ.