ವಸಂತಕ್ಕೆ ಪ್ರಾಗ್: ಚಳಿಗಾಲದಲ್ಲೇ ಮಾಡಿಕೊಳ್ಳಬೇಕಾದ ತಯಾರಿ

ಯುಗಾದಿ ಮುಗಿಸಿಕೊಂಡು ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಹೊರಡೋಣ ಅಂತ ನಾನೂ ನಮ್ಮವರೂ ನಿಶ್ಚಯ ಮಾಡಿದ್ದೇವೆ. ಹಿಂದೊಮ್ಮೆ ಡಿಸೆಂಬರ್‌ನಲ್ಲಿ ಮಗಳ ಮನೆಗೆ ಹೋಗಿದ್ದಾಗ ಸಂಜೆ ನಾಲ್ಕಕ್ಕೇ ಕತ್ತಲು. ಊರು ನೋಡಿದ್ದಕ್ಕಿಂತ ಹೀಟರ್ ಮುಂದೆ ಕೂತದ್ದೇ ಜಾಸ್ತಿ. ಏಪ್ರಿಲ್ ಮಧ್ಯಕ್ಕೆ ಅಲ್ಲಿ ಸುಮಾರು ಎಂಟರ ತನಕ ಬೆಳಕಿರುತ್ತದೆ.

ಮೊದಲು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮುಂಚೆ ಹಾಕಲೇಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಬೇಕು. ಬೇಸಿಗೆ ರಜೆಗೆ ಹೊರಡುವವರ ನೂಕುನುಗ್ಗಲು ಶುರುವಾಗುವ ಮೊದಲು, ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿದುಬಿಡಿ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಎಲ್ಲಾದರೂ ಒಂದು ಕಡೆ ಬದಲಾಯಿಸಬೇಕು.

ಇನ್ನು ಯಾವ ವಾರ? ಸಂಗೀತ ಬೇಕಾದವರು ಮೇ 12 ನೆನಪಿಡಿ. ಸಂಗೀತಗಾರ ಸ್ಮೆತಾನ ತೀರಿಕೊಂಡ ಆ ದಿನವೇ ವಾಡಿಕೆಯಂತೆ ‘ಪ್ರಾಗ್ ಸ್ಪ್ರಿಂಗ್’ ಉತ್ಸವ ಆರಂಭವಾಗುತ್ತದೆ, 1946ರಿಂದ ನಡೆದುಬಂದದ್ದು. ನಮ್ಮವರಿಗೆ ಅದೇ ಬೇಕಿತ್ತು. ನನಗೆ ಪೆಟ್ರಿನ್ ಗುಡ್ಡದ ಹೂ. ಗೆದ್ದದ್ದು ನಾನು, ಏಪ್ರಿಲ್ ಇಪ್ಪತ್ತರ ಆಸುಪಾಸಿಗೆ ಟಿಕೆಟ್ ಆಗಿದೆ. ಮೇ 1ರಂದು ಹೂಬಿಟ್ಟ ಚೆರ್ರಿ ಮರದ ಕೆಳಗೆ ಜೋಡಿಗಳು ಮುತ್ತು ಕೊಟ್ಟುಕೊಳ್ಳುವ ಪದ್ಧತಿ ಅಲ್ಲಿದೆ. ಅದನ್ನು ನಮ್ಮವರಿಗೆ ಇನ್ನೂ ಹೇಳಿಲ್ಲ.

ಮಂಡಿನೋವಿನವರಿಗೆ ಒಂದು ಉಪಾಯ: ಗುಡ್ಡದ ಮೇಲಿನ ಪ್ರಾಗ್ ಕೋಟೆಗೆ ಕೆಳಗಿನಿಂದ ಹತ್ತಬೇಡಿ. 22ನೇ ನಂಬರಿನ ಟ್ರಾಮ್ ಹತ್ತಿ ‘ಪ್ರಾಜ್‌ಸ್ಕಿ ಹ್ರಾದ್’ ನಿಲ್ದಾಣದಲ್ಲಿ ಇಳಿದರೆ ಮೇಲೇ ಇರುತ್ತೀರಿ. ಕಾಗದದ ಟಿಕೆಟ್ ಆದರೆ ಟ್ರಾಮ್ ಒಳಗಿನ ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ ಬೀಳುತ್ತದೆ. ಕೋಟೆಯೊಳಗಿನ ಸೇಂಟ್ ವೀಟಸ್ ಕೆಥೆಡ್ರಲ್‌ಗೆ ತಳಪಾಯ ಹಾಕಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ! ಮನೆ ಕಟ್ಟಿಸಿ ಸುಸ್ತಾದವರು ಅದನ್ನೊಮ್ಮೆ ನೋಡಬೇಕು. ಅಲ್ಲಿಂದ ಹಳೇ ಮೆಟ್ಟಿಲಲ್ಲಿ ನಿಧಾನಕ್ಕೆ ಇಳಿಯಿರಿ.

ಚಾರ್ಲ್ಸ್ ಸೇತುವೆಗೆ ಬೆಳಿಗ್ಗೆ ಏಳರೊಳಗೆ ಹೋಗಿ. ಹತ್ತರ ಮೇಲೆ ಬರೀ ತಲೆಗಳೇ ಕಾಣುತ್ತವೆ, ಮೂವತ್ತು ಶಿಲ್ಪ ಇರುವುದೂ ಗೊತ್ತಾಗುವುದಿಲ್ಲ. ಆ ಹೊತ್ತಿನ ಚಳಿಗೆ ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಬೇಕು. ಬೀದಿಗೆಲ್ಲ ಕಲ್ಲು ಹಾಸಿರುವುದರಿಂದ ದಪ್ಪ ಅಟ್ಟೆಯ ಷೂ ಹಾಕಿ. ಹಳೇ ಯಹೂದಿ ಸ್ಮಶಾನ ಮತ್ತು ಸಿನಗಾಗ್‌ಗಳು (ಯಹೂದಿಗಳ ಪ್ರಾರ್ಥನಾ ಮಂದಿರಗಳು) ಶನಿವಾರ ಮುಚ್ಚಿರುತ್ತವೆ. ಅವರ ಪಾಸೋವರ್ ಹಬ್ಬ ವಸಂತದಲ್ಲೇ ಬರುವುದರಿಂದ ಆ ರಜೆಯ ದಿನಗಳನ್ನೂ ನೋಡಿಕೊಂಡು ಟಿಕೆಟ್ ಕೊಳ್ಳಿ.

ಊಟಕ್ಕೆ, ಸಸ್ಯಾಹಾರಿಗಳಾದರೆ ‘ಸ್ಮಾಜೆನಿ ಸಿರ್’ ಎಂಬ ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ. ಎರಡು ದಿನಕ್ಕೆ ಬೇಸರ ಬರುವುದಂತೂ ಖಂಡಿತ, ಚಟ್ನಿಪುಡಿ ಕಟ್ಟಿಕೊಳ್ಳಿ. ದುಡ್ಡು ಯೂರೊ ಅಲ್ಲ, ಕೊರುನಾ. ಕಾರ್ಡ್ ಉಜ್ಜುವಾಗ ಯಂತ್ರ ‘ರೂಪಾಯಿಯಲ್ಲಿ ಕಟ್ಟುತ್ತೀರಾ’ ಅಂತ ಕೇಳಿದರೆ ಬೇಡ ಅಂದು ಕೊರುನಾ ಒತ್ತಿ. ಆ ರೂಪಾಯಿ ದರದಲ್ಲಿ ನಿಮಗೆ ನಷ್ಟವೇ.