ದೊಣೆ, ಬಾನಿ, ಕೆರೆಯಂಚು: ದುರ್ಗದಲ್ಲಿ ನೀರಿನ ಬೆನ್ನು ಹತ್ತಿ

ಚಿತ್ರದುರ್ಗಕ್ಕೆ ಕಡಲಿಲ್ಲ, ಮಲೆನಾಡಿನಂಥ ದಟ್ಟ ಕಾಡೂ ಇಲ್ಲ. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲೇ, ಅಂದರೆ ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೇ ಸುರಿದು ಮುಗಿಯುತ್ತದೆ. ಇಂಥ ಸೀಮೆಯಲ್ಲಿ ಹಕ್ಕಿ, ಕಪ್ಪೆ, ಹುಳಹುಪ್ಪಟೆ ನೋಡಬೇಕೆಂದರೆ ಪ್ರಾಣಿಯನ್ನು ಹುಡುಕುವ ಬದಲು ನೀರನ್ನು ಹುಡುಕಬೇಕು. ನಾನು ವರ್ಷವಿಡೀ ನೋಡುವುದು ಮೂರು ಬಗೆಯ ನೀರನ್ನು: ಹಿತ್ತಲಲ್ಲಿ ಹಕ್ಕಿಗಳಿಗೆಂದು ಇಡುವ ಬಾನಿ, ಗುಡ್ಡದ ಬಂಡೆಯ ದೊಣೆ, ಕೆರೆಯಂಚು. ಒಂದೇ ಜಾಗಕ್ಕೆ ಇಪ್ಪತ್ತು ಸಲ ಹೋದರೆ ಗೊತ್ತಾಗುವುದು ಇಪ್ಪತ್ತು ಜಾಗಕ್ಕೆ ಒಂದೊಂದು ಸಲ ಹೋದರೆ ಗೊತ್ತಾಗುವುದಿಲ್ಲ.

ಬಾನಿಯಿಂದಲೇ ಶುರು ಮಾಡಿ. ಕುಂಬಾರರ ಹತ್ತಿರ ಸಿಗುವ ಅಗಲ ಬಾಯಿಯ ಮಣ್ಣಿನ ತಟ್ಟೆ ಸಾಕು. ಅಗಲ 14ರಿಂದ 16 ಅಂಗುಲ ಇರಲಿ, ಆಳ ಎರಡು ಅಂಗುಲ ದಾಟಬಾರದು. ಬಕೆಟ್ಟು, ಟಬ್ಬು ಇಟ್ಟರೆ ಅಳಿಲು, ಆಗಷ್ಟೇ ಹಾರಲು ಕಲಿತ ಮರಿಗಳು ಒಳಗೆ ಬಿದ್ದು ಹತ್ತಲಾಗದೆ ಸಾಯುತ್ತವೆ. ಸ್ಟೀಲು, ನುಣುಪು ಪ್ಲಾಸ್ಟಿಕ್ ಎರಡೂ ಬೇಡ: ಕಾಲು ಜಾರುತ್ತದೆ, ಬಿಸಿಲಿಗೆ ನೀರು ಕಾಯುತ್ತದೆ. ಮಣ್ಣಿನ ತಟ್ಟೆ ಬೆವರುವುದರಿಂದ ನೀರು ತಂಪಾಗಿರುತ್ತದೆ. ಆದರೆ ಅದೇ ಕಾರಣಕ್ಕೆ ಏಪ್ರಿಲ್‌ನಲ್ಲಿ ಬೇಗ ಬತ್ತುತ್ತದೆ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ತುಂಬಿಸಬೇಕು. ನಡುವೆ ಒಂದು ಚಪ್ಪಟೆ ಕಲ್ಲಿಡಿ, ಅದರ ಬೆನ್ನು ನೀರಿನಿಂದ ಸ್ವಲ್ಪವೇ ಮೇಲಿರಲಿ. ಜೇನ್ನೊಣಗಳಿಗೆ ನಿಂತು ಕುಡಿಯಲು ಅದು ಬೇಕೇ ಬೇಕು.

ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಅರ್ಧ ಕೆಲಸ ನಿಂತಿದೆ. ಪೊದೆಗೆ ಅಂಟಿಸಿ ಇಟ್ಟರೆ ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ. ಬಟ್ಟಂಬಯಲಲ್ಲಿ ಇಟ್ಟರೆ ಹಕ್ಕಿಗೆ ಧೈರ್ಯ ಬರುವುದಿಲ್ಲ. ಪೊದೆಯಿಂದ ಆರರಿಂದ ಎಂಟು ಅಡಿ ದೂರ, ಮಧ್ಯಾಹ್ನದ ನೆರಳು ಬೀಳುವ ಕಡೆ ಇಡಿ. ಪಕ್ಕದಲ್ಲಿ ಐದಡಿ ಎತ್ತರದ ಒಣ ಜಾಲಿ ಕೊಂಬೆಯೊಂದನ್ನು ನೆಡಿ. ಹಕ್ಕಿ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಕೊಂಬೆ, ಆಮೇಲೆ ಅಂಚು, ಆಮೇಲೆ ನೀರು. ನೆಲದ ಮೇಲಿನ ತಟ್ಟೆಗೆ ಹರಟೆಮಲ್ಲ, ಬೆಳವ, ಗೊರವಂಕ ಬರುತ್ತವೆ. ಮೂರಡಿ ಎತ್ತರದ ಕಟ್ಟೆಯ ಮೇಲಿಟ್ಟರೆ ಗುಬ್ಬಿ, ಪಿಕಳಾರಗಳಿಗೆ ಬೆಕ್ಕಿನ ಭಯ ಕಡಿಮೆ. ಜಾಗವಿದ್ದರೆ ಎರಡನ್ನೂ ಇಡಿ.

ಎರಡು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿ, ತೆಂಗಿನ ನಾರಿನಿಂದ ತಟ್ಟೆಯ ಗೋಡೆಯನ್ನೂ ಉಜ್ಜಬೇಕು. ಬರೀ ನೀರು ಬದಲಿಸಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಒಣಗಿದರೂ ಅವು ಸಾಯುವುದಿಲ್ಲ, ಮತ್ತೆ ನೀರು ತಾಗಿದಾಗ ಮರಿಯಾಗುತ್ತವೆ. ಸೋಪು ಬೇಡ. ಬೋರ್‌ವೆಲ್ ನೀರಿನ ಬಿಳಿ ಉಪ್ಪು ಕಟ್ಟಿದ್ದರೆ ಹುಣಸೆಹಣ್ಣಿನ ರಸದಲ್ಲಿ ಅರ್ಧ ಗಂಟೆ ನೆನೆಸಿಟ್ಟು ಉಜ್ಜಿ, ಚೆನ್ನಾಗಿ ತೊಳೆಯಿರಿ. ಪಕ್ಕದಲ್ಲಿ ಅನ್ನ ಸುರಿಯಬೇಡಿ, ಇಲಿ ಬರುತ್ತದೆ, ಅದರ ಹಿಂದೆ ಹಾವು.

ಬೆಳಿಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ ಕಿಟಕಿಯ ಪರದೆ ಹಿಂದೆ ಕೂತು ನೋಡಿದರೆ ಸಾಕು. ಬೆಳವ ಕೊಕ್ಕನ್ನು ಅದ್ದಿ, ತಲೆ ಎತ್ತದೆ ಒಂದೇ ಸಮ ಹೀರುತ್ತದೆ. ಪಿಕಳಾರ ಗುಟುಕಿಗೊಮ್ಮೆ ತಲೆ ಎತ್ತಿ ನೀರನ್ನು ಗಂಟಲಿಗೆ ಇಳಿಸಿಕೊಳ್ಳುತ್ತದೆ. ಬೆಳವ, ಪಾರಿವಾಳದ ಬಳಗಕ್ಕೆ ಹೀರುವ ಶಕ್ತಿ ಇದೆ, ಉಳಿದ ಹೆಚ್ಚಿನ ಹಕ್ಕಿಗಳಿಗೆ ಇಲ್ಲ. ಗದ್ದಲ ಮಾಡುತ್ತಿದ್ದ ಹರಟೆಮಲ್ಲಗಳು ಒಮ್ಮೆಲೇ ಸ್ತಬ್ಧವಾದರೆ ಬಾನಿಯನ್ನು ನೋಡಬೇಡಿ, ಮರದ ತುದಿ ನೋಡಿ. ಶಿಕ್ರ ಎಂಬ ಸಣ್ಣ ಬೇಟೆಹಕ್ಕಿ ಬಂದು ಕೂತಿರುತ್ತದೆ.

ಇನ್ನು ದೊಣೆ. ಬಂಡೆಯ ಮೇಲೆ ಮಳೆನೀರು ನಿಲ್ಲುವ ಗುಳಿಗೆ ನಮ್ಮಲ್ಲಿ ಈ ಹೆಸರು. ಕರಾವಳಿಯವರು ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಗುಂಡಿಗಳನ್ನು ಬಗ್ಗಿ ನೋಡುತ್ತಾರಲ್ಲ, ನಮಗೆ ಅದೇ ಸುಖ ದೊಣೆಯಲ್ಲಿದೆ. ಅಲ್ಲಿ ಉಬ್ಬರ ದಿನಕ್ಕೆರಡು ಸಲ ನೀರು ಬದಲಿಸುತ್ತದೆ, ಇಲ್ಲಿ ಬದಲಿಸುವುದು ಮಳೆ ಒಂದೇ. ಚಂದ್ರವಳ್ಳಿ ಸುತ್ತಿನ ಗುಡ್ಡಗಳಲ್ಲಿ, ಜೋಗಿಮಟ್ಟಿ ಕಡೆಯ ಬಂಡೆಗಳಲ್ಲಿ ದೊಣೆಗಳಿಗೆ ಬರವಿಲ್ಲ. ಜೋಗಿಮಟ್ಟಿ ಅರಣ್ಯ ಇಲಾಖೆಯ ಜಾಗ, ಒಳಗೆ ಹೋಗುವ ಮುಂಚೆ ಅವರನ್ನು ಕೇಳಿ. ಕೋಟೆಯೊಳಗಿನ ಹೊಂಡಗಳ ಮಾತು ಬೇರೆ. ಅವು ಸಂರಕ್ಷಿತ ಸ್ಮಾರಕದ ಭಾಗ, ಮೆಟ್ಟಿಲ ಮೇಲೆ ನಿಂತು ನೋಡುವುದಷ್ಟೇ.

ಅಂಗೈ ಅಗಲ ಆಳದ ದೊಣೆ ಮಳೆ ನಿಂತ ಎರಡು ಮೂರು ವಾರದಲ್ಲಿ ಒಣಗುತ್ತದೆ. ಹಾಗಾಗಿ ಒಂದಡಿಗಿಂತ ಆಳದ, ದಿನದಲ್ಲಿ ಸ್ವಲ್ಪ ಹೊತ್ತಾದರೂ ನೆರಳು ಬೀಳುವ ಮೂರು ನಾಲ್ಕು ದೊಣೆ ಆರಿಸಿಕೊಂಡು ನಂಬರ್ ಕೊಡಿ. ಸಾಮಾನು ಇಷ್ಟೇ: ಬಿಳಿ ಪಿಂಗಾಣಿ ತಟ್ಟೆ, ಕೋಲಿಗೆ ಕಟ್ಟಿದ ಚಹಾ ಸೋಸುವ ಜರಡಿ, 30 ಸೆಂಟಿಮೀಟರ್ ಸ್ಟೀಲ್ ಸ್ಕೇಲು, ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್, ಪೆನ್ಸಿಲ್ಲು, ಪುಸ್ತಕ. ಪೆನ್ನು ಬೇಡ, ಒದ್ದೆ ಕೈಗೆ ಶಾಯಿ ಹರಡುತ್ತದೆ. ಕೈಗೆ ಕ್ರೀಮು, ಸೊಳ್ಳೆ ಎಣ್ಣೆ ಹಚ್ಚಿಕೊಂಡು ನೀರು ಮುಟ್ಟಬಾರದು. ಹತ್ತು ಬಕೆಟ್ ನೀರಿನ ದೊಣೆಗೆ ಅದು ವಿಷವೇ ಸರಿ. ತಟ್ಟೆಗೆ ಒಂದಿಂಚು ನೀರು ಹಾಕಿ, ಜರಡಿಯನ್ನು ಅಂಚಿನ ಹುಲ್ಲಿನ ಬುಡದಲ್ಲಿ ಮೆಲ್ಲಗೆ ಆಡಿಸಿ, ತಟ್ಟೆಯಲ್ಲಿ ಮಗುಚಿ. ಬಿಳಿ ಹಿನ್ನೆಲೆಯಲ್ಲಿ ಎಲ್ಲವೂ ಎದ್ದು ಕಾಣುತ್ತದೆ. ಐದು ನಿಮಿಷದೊಳಗೆ ಅದೇ ದೊಣೆಗೆ ವಾಪಸು ಬಿಡಿ, ಪಕ್ಕದ ದೊಣೆಗೆ ಬಿಡಬೇಡಿ. ರೋಗ, ಬೂಷ್ಟು ಹರಡುವುದು ಹಾಗೆಯೇ.

ಜೋರು ಮಳೆಯಾದ ಎರಡನೇ ದಿನ ಹೋದರೆ ನೆಲಗಪ್ಪೆ ಇಟ್ಟ ಮೊಟ್ಟೆ ಕಾಣುತ್ತದೆ: ಲೋಳೆಯ ಉದ್ದ ದಾರದೊಳಗೆ ಕರಿಮಣಿ ಪೋಣಿಸಿದ ಹಾಗೆ, ಹುಲ್ಲಿಗೆ ಸುತ್ತಿಕೊಂಡು. ವಾರದೊಳಗೆ ಕಪ್ಪು ಗೊದಮೊಟ್ಟೆಗಳು ಒಂದೇ ಮುದ್ದೆಯಾಗಿ ಬಿಸಿಲು ಬೀಳುವ ಅಂಚಿಗೆ ಸೇರುತ್ತವೆ. ಕಾಲು ಮೂಡಿ ದಡ ಹತ್ತಲು ತಿಂಗಳು, ಒಂದೂವರೆ ತಿಂಗಳು ಬೇಕು. ನಡುವೆ ಮಳೆ ಕೈಕೊಟ್ಟರೆ ಇಡೀ ಸಂತಾನ ಒಣಗುತ್ತದೆ. ಮನೆಯಿಂದ ನೀರು ಹೊತ್ತು ಸುರಿಯಬೇಕೆನ್ನಿಸುತ್ತದೆ, ಆದರೆ ಕ್ಲೋರಿನ್ ಹಾಕಿದ ನಲ್ಲಿ ನೀರು ಗೊದಮೊಟ್ಟೆಯನ್ನು ಕೊಲ್ಲುತ್ತದೆ. ಮಳೆಗಾಳಿಯ ಜೊತೆ ಬರುವ ಹಳದಿ ಏರೋಪ್ಲೇನ್ ಚಿಟ್ಟೆ (ಡ್ರಾಗನ್‌ಫ್ಲೈ) ಇದೇ ನೀರಿಗೆ ಬಾಲದ ತುದಿ ತಾಗಿಸಿ ಮೊಟ್ಟೆ ಇಡುತ್ತದೆ. ಹೊಳೆಯುವ ಕಾರಿನ ಬಾನೆಟ್ ಮೇಲೂ ಅದು ಹಾಗೇ ಬಾಲ ತಾಗಿಸುವುದುಂಟು, ಆ ಹೊಳಪು ಅದಕ್ಕೆ ನೀರಿನಂತೆಯೇ ಕಾಣುತ್ತದೆ. ಐದಾರು ವಾರ ಕಳೆದ ಮೇಲೆ ಬೆಳಿಗ್ಗೆ ಏಳರೊಳಗೆ ಹೋಗಿ ಅಂಚಿನ ಹುಲ್ಲುಕಡ್ಡಿಗಳನ್ನು ಒಂದೊಂದಾಗಿ ನೋಡಿ. ನೀರಲ್ಲಿ ಬೆಳೆದ ಅದರ ಮರಿ ರೆಕ್ಕೆ ಬಂದು ಬಿಟ್ಟುಹೋದ, ಬೆನ್ನು ಸೀಳಿದ ಒಣ ಪೊರೆ ಕಡ್ಡಿಯನ್ನು ಅಪ್ಪಿಕೊಂಡಿರುತ್ತದೆ. ಸೀಳಿನಿಂದ ಹೊರಗೆ ಬಿಳಿ ಎಳೆಗಳು ಜೋತಿರುತ್ತವೆ. ಅದು ಜೇಡನ ಬಲೆಯಲ್ಲ, ಒಳಗಿದ್ದ ಉಸಿರಿನ ಕೊಳವೆಗಳ ಒಳಪದರ. ಲೆನ್ಸ್ ಹಿಡಿದು ನೋಡಲೇಬೇಕಾದದ್ದು ಇದು.

ಬಂಡೆಯ ಮೇಲೆ ಮೇಲಿಂದ ಕೆಳಕ್ಕೆ ಇಳಿದ ಕರಿ ಪಟ್ಟೆಗಳು ಮಳೆನೀರು ಹರಿಯುವ ದಾರಿ. ಅದು ಸೂಕ್ಷ್ಮ ಪಾಚಿ. ಬೇಸಿಗೆಯಲ್ಲಿ ಮರಳುಕಾಗದದಂತೆ ಹಿಡಿಯುವ ಅದೇ ಪಟ್ಟೆ ಒದ್ದೆಯಾದಾಗ ಎಣ್ಣೆಯಂತೆ ಜಾರುತ್ತದೆ. ಒದ್ದೆ ದಿನಗಳಲ್ಲಿ ತಿಳಿ ಬಣ್ಣದ ಕಲ್ಲಿನ ಮೇಲೆ ಮಾತ್ರ ಕಾಲಿಡಿ. ಬಂಡೆಯ ಸಿಪ್ಪೆಯಂತೆ ಎದ್ದ ಚಪ್ಪಡಿಗಳನ್ನು ಎತ್ತಬೇಡಿ. ಕೆಳಗೆ ಚೇಳು, ಹಲ್ಲಿಗಳ ಮನೆ, ಎತ್ತಿ ಇಟ್ಟರೆ ಮೊದಲಿನ ಹಾಗೆ ಕೂರುವುದಿಲ್ಲ. ಹೊರಗೆ ನಿಂತೇ ಕಾದರೆ ಬಂಡೆಯ ಓತಿಕ್ಯಾತ ತಾನೇ ಬರುತ್ತದೆ. ಮಳೆಗಾಲದಲ್ಲಿ ಗಂಡಿನ ಬೆನ್ನು ಕೆಂಪು, ಪಕ್ಕೆ ಕಪ್ಪು. ಹೆಜ್ಜೇನು ಕಟ್ಟಿದ ಕಲ್ಲಿನ ಕೆಳಗೆ ಹೊಗೆ, ಸೆಂಟು, ಕೂಗಾಟ ಯಾವುದೂ ಸಲ್ಲದು. ಒಂದು ಹುಳ ಕಚ್ಚಿತೆಂದರೆ ಅಲ್ಲೇ ಕೈ ಬೀಸುತ್ತಾ ನಿಲ್ಲಬೇಡಿ, ಮುಖ ಮುಚ್ಚಿಕೊಂಡು ದೂರ ಓಡಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಸೀತಾಫಲ ಹಣ್ಣಾಗುವ ದಿನಗಳಲ್ಲಂತೂ ಬಿಸಿಲು ಬಿದ್ದ ಮೇಲೆ ಹತ್ತಿ, ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಇಳಿದುಬಿಡಿ. ಒಬ್ಬರೇ ಹೋಗಬೇಡಿ.

ಆಷಾಢದಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿಗೆ ಗುಡ್ಡದ ನೆತ್ತಿಯಲ್ಲಿ ಚಿಟ್ಟೆ ಹಾರುವುದಿಲ್ಲ, ದುರ್ಬೀನು ನಿಲ್ಲುವುದಿಲ್ಲ. ಆಗ ಗಾಳಿಗೆ ಮರೆಯಾದ ಪೂರ್ವದ ಇಳಿಜಾರಿನಲ್ಲಿ ನೋಡಿ.

ಕೆರೆಯಂಚಿನ ವಿಷಯ ಚಿಕ್ಕದು. ಬೆಳಿಗ್ಗೆ ಪೂರ್ವದ ದಡದಲ್ಲಿ ನಡೆದರೆ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಬಣ್ಣ ಕಾಣುತ್ತದೆ. 8×42 ದುರ್ಬೀನು ಸಾಕು. ತುಂಬಿ ತುಳುಕುವ ಕೆರೆಯಲ್ಲಿ ನಾಮದ ಕೋಳಿ, ಗುಳುಮುಳುಕ ಸಿಗುತ್ತವೆ. ಆದರೆ ಕೆಸರಲ್ಲಿ ಕೊಕ್ಕು ಇಳಿಸುವ ಹಕ್ಕಿಗಳಿಗೆ ಕೆಸರೇ ಇರುವುದಿಲ್ಲ. 1907ರಲ್ಲಿ ಕಟ್ಟಿ ಮುಗಿದ, ಹಿರಿಯೂರು ಬಳಿಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ವರ್ಷ ಆ ಹಕ್ಕಿಗಳನ್ನು ಹುಡುಕಿ ನವೆಂಬರ್‌ನಲ್ಲಿ ಹೋಗಿ ಪ್ರಯೋಜನವಿಲ್ಲ, ನೀರು ಹಿಂದೆ ಸರಿಯುವ ಫೆಬ್ರವರಿ, ಮಾರ್ಚ್‌ಗೆ ಕಾಯಬೇಕು. ಸಣ್ಣ ಊರ ಕೆರೆಗಳಲ್ಲಿ ಅದೇ ಕೆಸರು ಡಿಸೆಂಬರ್‌ಗೇ ಸಿಗುತ್ತದೆ.

ಕಡಲಿಲ್ಲ ಅಂದೆನಲ್ಲ, ಅದು ಈಗಿನ ಮಾತು. ಹಿರಿಯೂರು ದಾರಿಯಲ್ಲಿ ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿಟ್ಟಂತೆ ಕಾಣುವ ಕಲ್ಲಿದೆ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿದ ಲಾವಾ ತಣ್ಣೀರು ತಾಗಿ ಹೀಗೆ ಉಂಡೆಗಟ್ಟಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಮುಟ್ಟಿಸುವಂತಿಲ್ಲ. ನಡುಹಗಲು ಹೋದರೆ ಬರೀ ಬಂಡೆ ಕಂಡೀತು. ಸಂಜೆ ನಾಲ್ಕೂವರೆ ದಾಟಿದ ಮೇಲೆ ಓರೆ ಬೆಳಕಿನಲ್ಲಿ ಒಂದೊಂದು ದಿಂಬಿನ ಅಂಚೂ ನೆರಳು ಕಟ್ಟಿ ಬೇರೆಯಾಗುತ್ತದೆ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆದರೆ ಅಳತೆಯೂ ಸಿಗುತ್ತದೆ.